ಹತ್ತು ಮಾಡ್ಯೂಲ್, ಒಂದು ಪ್ಲಗ್: ರ‍್ಯಾಕ್ ಪವರ್ ಸಪ್ಲೈಯ ಸುರಕ್ಷತಾ ಪರೀಕ್ಷೆಯಲ್ಲಿ ನನ್ನ ಅನುಭವ

ಪ್ರಮಾಣಪತ್ರವಿರುವ ಬಿಡಿಭಾಗಗಳನ್ನೇ ಬಳಸಿ ಜೋಡಿಸಿದ ಉಪಕರಣಕ್ಕೆ ಮತ್ತೆ ಪ್ರತ್ಯೇಕ ಪರೀಕ್ಷೆ ಏಕೆ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಘಟಕವು ಕೇಬಲ್ ಮತ್ತು ಇಂಟರ್‌ನೆಟ್ ಸೇವೆ ನೀಡುವವರಿಗಾಗಿ 19 ಇಂಚಿನ ರ‍್ಯಾಕ್‌ನಲ್ಲಿ ಕೂರುವ ಡಿಸಿ ಪವರ್ ಸಪ್ಲೈಗಳನ್ನು ತಯಾರಿಸುತ್ತದೆ. ಒಂದು ಚೌಕಟ್ಟಿನಲ್ಲಿ ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಹತ್ತು ಎಸ್‌ಎಂಪಿಎಸ್ ಮಾಡ್ಯೂಲ್‌ಗಳಿರುತ್ತವೆ, ಎಲ್ಲಕ್ಕೂ ಸೇರಿ 16 ಆಂಪಿಯರ್‌ನ ಒಂದೇ ಪ್ಲಗ್. ಮಾಡ್ಯೂಲ್‌ಗಳನ್ನು ನಾವು ಹೊರಗಿನಿಂದ ಕೊಳ್ಳುತ್ತೇವೆ ಮತ್ತು ಪ್ರತಿಯೊಂದಕ್ಕೂ ಸಿಬಿ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಪ್ರಮಾಣಪತ್ರವಿದೆ. ಹೀಗಿದ್ದರೂ ಖರೀದಿದಾರರೊಬ್ಬರು ಇಡೀ ಉಪಕರಣಕ್ಕೆ ಐಟಿ ಉಪಕರಣಗಳ ಸುರಕ್ಷತೆಯ ಭಾರತೀಯ ಮಾನದಂಡವಾದ ಐಎಸ್ 13252 ಭಾಗ 1ರ ಪ್ರಕಾರ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕೆಂದು ಟೆಂಡರ್‌ನಲ್ಲಿ ಷರತ್ತು ವಿಧಿಸಿದ್ದರಿಂದ ನಾನು ಈ ಕೆಲಸಕ್ಕೆ ಕೈಹಾಕಿದೆ.

ಮೊದಲು ಮಾಡಿದ್ದು ಮಾಡ್ಯೂಲ್‌ನ ಪ್ರಮಾಣಪತ್ರದ ಜೊತೆಗಿದ್ದ ವರದಿಯನ್ನು ಕೊನೆಯ ಪುಟದವರೆಗೆ ಓದಿದ್ದು. ಸುತ್ತಲಿನ ಗಾಳಿಯ ಉಷ್ಣಾಂಶ ಎಷ್ಟರವರೆಗೆ ಇರಬಹುದು, ಲೋಹದ ತಳವನ್ನು ಅರ್ಥಿಂಗ್‌ಗೆ ಹೇಗೆ ಜೋಡಿಸಬೇಕು, ಹೊರಗಿನ ಕವಚ ಬೆಂಕಿಯನ್ನು ಒಳಗೇ ತಡೆಯುವಂತಿರಬೇಕೇ ಎಂಬ ಷರತ್ತುಗಳು ಅಲ್ಲಿದ್ದವು. ಅವನ್ನು ಪೂರೈಸುವ ಹೊಣೆ ಮಾಡ್ಯೂಲ್ ತಯಾರಿಸಿದವರದಲ್ಲ, ಅದನ್ನು ಪೆಟ್ಟಿಗೆಗೆ ಕೂರಿಸುವ ನಮ್ಮದು; ಪ್ರಯೋಗಾಲಯ ನೋಡುವುದೂ ಮುಖ್ಯವಾಗಿ ಇದನ್ನೇ.

ಅರ್ಥಿಂಗ್ ಕೊಂಡಿಯ ಪರೀಕ್ಷೆಯ ನಿಯಮ ಸ್ಪಷ್ಟವಾಗಿದೆ. 16 ಆಂಪಿಯರ್ ಸರ್ಕ್ಯೂಟ್‌ಗೆ ಅದರ ಎರಡು ಪಟ್ಟು, ಎಂದರೆ 32 ಆಂಪಿಯರ್ ವಿದ್ಯುತ್ತನ್ನು ಎರಡು ನಿಮಿಷ ಹರಿಸಿದಾಗ, ಅರ್ಥ್ ಟರ್ಮಿನಲ್‌ನಿಂದ ಕೈಗೆ ಸಿಗುವ ಲೋಹದ ಭಾಗದವರೆಗಿನ ಪ್ರತಿರೋಧ 0.1 ಓಮ್ ಮೀರಬಾರದು. ಮಲ್ಟಿಮೀಟರಿನ ಬೀಪ್ ಸದ್ದನ್ನು ನಂಬಿ ಇದನ್ನು ನಿರ್ಧರಿಸಲಾಗದು, ಏಕೆಂದರೆ ತೋಳಿನಷ್ಟು ದಪ್ಪದ ಕೊಂಡಿಗೂ ಕೂದಲೆಳೆಯಂಥ ಸಂಪರ್ಕಕ್ಕೂ ಅದು ಒಂದೇ ರೀತಿ ಸದ್ದು ಮಾಡುತ್ತದೆ. ನಮ್ಮ ಕವಚಕ್ಕಿದ್ದ ಪೌಡರ್ ಕೋಟಿಂಗ್ ಒಳ್ಳೆಯ ಇನ್ಸುಲೇಟರ್ ಆದ್ದರಿಂದ ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣವಿರಬಾರದೆಂದು ನಾನು ಪಟ್ಟುಹಿಡಿದೆ. ಷೀಟ್ ಮೆಟಲ್ ಕೆಲಸದವರು "ಬಣ್ಣ ಕೆರೆದ್ರೆ ತುಕ್ಕು ಹಿಡಿಯುತ್ತೆ ಸಾರ್" ಎಂದರು, ಮತ್ತು ಅವರ ಮಾತು ಸರಿಯಾಗಿಯೇ ಇತ್ತು. ಆದ್ದರಿಂದ ಸತುವಿನ ಲೇಪನವಿರುವ ಹಾಳೆಯನ್ನು ಆರಿಸಿಕೊಂಡು, ಅದಕ್ಕೆ ವೆಲ್ಡ್ ಮಾಡಿದ ಸ್ಟಡ್ ಕೊಟ್ಟು, ಕೋಟಿಂಗ್‌ಗೆ ಮುನ್ನ ಆ ಜಾಗಕ್ಕೆ ಬಿಸಿ ತಡೆಯುವ ಟೇಪ್ ಅಂಟಿಸಿ, ಜೋಡಿಸುವಾಗ ಹಲ್ಲಿನ ವಾಷರ್ ಹಾಕುವ ಕ್ರಮಕ್ಕೆ ಇಬ್ಬರೂ ಒಪ್ಪಿದೆವು. ಆ ಸ್ಟಡ್‌ಗೆ ಅರ್ಥ್ ತಂತಿಯನ್ನು ಬಿಟ್ಟು ಬೇರೇನನ್ನೂ ಬಿಗಿಯುವಂತಿಲ್ಲ.

ಹೆಚ್ಚು ಯೋಚನೆಗೆ ಹಚ್ಚಿದ್ದು ಲೀಕೇಜ್, ಎಂದರೆ ಅರ್ಥ್ ತಂತಿಗೆ ಸೋರುವ ವಿದ್ಯುತ್ತು. ಪ್ರತಿ ಎಸ್‌ಎಂಪಿಎಸ್‌ನ ಒಳಗೆ ಫೇಸ್ ಮತ್ತು ಅರ್ಥ್ ನಡುವೆ ಒಂದು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದು ವೈ ಕೆಪಾಸಿಟರ್ (ವಿದ್ಯುತ್ಕಾಂತೀಯ ಗದ್ದಲವನ್ನು ಅರ್ಥ್‌ಗೆ ಹರಿಸುವ ಭಾಗ) ಇರುತ್ತದೆ. ಅದು 4.7 ನ್ಯಾನೋಫ್ಯಾರಡ್‌ನದಾದರೆ, 230 ವೋಲ್ಟ್‌ಗಿಂತ ಶೇಕಡಾ 10 ಹೆಚ್ಚಿರುವ 253 ವೋಲ್ಟ್‌ನಲ್ಲಿ ಫೇಸ್ ಕಡೆಯ ಕೆಪಾಸಿಟರ್‌ನಿಂದ ಸುಮಾರು 0.37 ಮಿಲಿಆಂಪಿಯರ್ ಸೋರುತ್ತದೆ. ಒಂಟಿ ಮಾಡ್ಯೂಲ್‌ಗೆ ಇದು ಏನೇನೂ ಅಲ್ಲ. ಆದರೆ ಹತ್ತೂ ಒಂದೇ ಪ್ಲಗ್‌ನ ಹಿಂದೆ ಕೂತಾಗ ಮೊತ್ತ 3.7 ಮಿಲಿಆಂಪಿಯರ್ ಆಗುತ್ತದೆ, ಇಂಥ ಉಪಕರಣಕ್ಕೆ ಇರುವ ಮಿತಿ 3.5. ಹತ್ತು ಉತ್ತೀರ್ಣ ಭಾಗಗಳು ಒಟ್ಟಾಗಿ ಅನುತ್ತೀರ್ಣವಾಗುವುದು ಹೀಗೆ. ಮಿತಿ ಮೀರಿದರೂ, ಉದ್ಯಮಗಳಲ್ಲಿ ಬಳಸುವ ಬಗೆಯ ಪ್ಲಗ್ ಅಥವಾ ಶಾಶ್ವತ ಸಂಪರ್ಕ ನೀಡಿ, ಮೊದಲು ಅರ್ಥಿಂಗ್ ಜೋಡಿಸಿ ಎಂಬ ಎಚ್ಚರಿಕೆಯ ಫಲಕ ಹಚ್ಚಿ ಮುಂದುವರಿಯಲು ಮಾನದಂಡ ಅವಕಾಶ ಕೊಡುತ್ತದೆ.

ನಾನು ಆ ದಾರಿ ಹಿಡಿಯಲಿಲ್ಲ. ನಮ್ಮ ಉಪಕರಣಗಳು ಹೋಗುವುದು ಬಹುಪಾಲು ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಸಣ್ಣ ಕೊಠಡಿಗಳಿಗೆ. ಕೆಳಗೆ ಬಂಡೆಯಿರುವ ಒಣ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದು ಅಲ್ಲಿನ ವೈರ್‌ಮನ್‌ಗಳಿಗೆ ಗೊತ್ತು. ಅರ್ಥ್ ಕಡಿದುಹೋದರೆ ಎರಡು ವೈ ಕೆಪಾಸಿಟರ್‌ಗಳು ವೋಲ್ಟೇಜನ್ನು ಸಮನಾಗಿ ಹಂಚಿಕೊಂಡು ಪೆಟ್ಟಿಗೆಯ ಮೈಗೆ ಸುಮಾರು 115 ವೋಲ್ಟ್ ಬರುತ್ತದೆ. ಮುಟ್ಟಿದವರ ಕೈ ಜುಮ್ಮೆನ್ನುವುದು ಆಗಲೇ. ಅಂಥ ಜಾಗದಲ್ಲಿ ಫಲಕದ ಮೇಲಿನ ಬರಹಕ್ಕಿಂತ ಕಡಿಮೆ ಸೋರಿಕೆಯೇ ಮೇಲು ಎಂಬುದು ನನ್ನ ನಿಲುವು. ಆದ್ದರಿಂದ ಅದೇ ಪ್ರಮಾಣಪತ್ರದಲ್ಲಿ ನಮೂದಾಗಿದ್ದ 2.2 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ಮಾಡ್ಯೂಲ್‌ಗಳನ್ನು ತರಿಸಿಕೊಂಡೆ. ಅದರಿಂದ ಹೆಚ್ಚುವ ವಿದ್ಯುತ್ಕಾಂತೀಯ ಗದ್ದಲವನ್ನು ತಡೆಯಲು ಪ್ಲಗ್‌ನ ಬಳಿ ಒಂದು ಸಾಮಾನ್ಯ ಫಿಲ್ಟರ್ ಸೇರಿಸಿದೆ. ಫಿಲ್ಟರ್‌ನ ಪಾಲೂ ಸೇರಿ ಲೆಕ್ಕ 2 ಮಿಲಿಆಂಪಿಯರ್‌ನ ಆಸುಪಾಸಿಗೆ ಇಳಿಯಿತು. ಪ್ರಯೋಗಾಲಯದಲ್ಲಿ ಫೇಸ್ ಮತ್ತು ನ್ಯೂಟ್ರಲ್‌ಗಳನ್ನು ಅದಲುಬದಲು ಮಾಡಿಯೂ ಅಳೆಯುತ್ತಾರೆ. ನಮ್ಮ ಸಾಕೆಟ್‌ಗಳಲ್ಲಿ ಅವೆರಡೂ ಎಷ್ಟು ಬಾರಿ ತಿರುವುಮುರುವಾಗಿರುತ್ತವೆಂದು ಬಲ್ಲವರಿಗೆ ಇದು ಅತಿರೇಕವೆನಿಸದು.

ಇನ್ಸುಲೇಷನ್ ತಡೆದುಕೊಳ್ಳುತ್ತದೆಯೇ ಎಂದು ನೋಡುವ ಹೈವೋಲ್ಟೇಜ್ ಪರೀಕ್ಷೆಯಲ್ಲೂ ಇದೇ ಕೆಪಾಸಿಟರ್‌ಗಳು ಅಡ್ಡಬರುತ್ತವೆ. 1500 ವೋಲ್ಟ್ ಎಸಿ ಕೊಟ್ಟರೆ, 4.7 ನ್ಯಾನೋಫ್ಯಾರಡ್‌ನ ಇಪ್ಪತ್ತು ಕೆಪಾಸಿಟರ್‌ಗಳ ಮೂಲಕ 44 ಮಿಲಿಆಂಪಿಯರ್ ಹರಿದು, ಇನ್ಸುಲೇಷನ್ ಗಟ್ಟಿಯಾಗಿದ್ದರೂ ಟೆಸ್ಟರ್ ಟ್ರಿಪ್ ಆಗಬಹುದು. ಡಿಸಿ ಕೆಪಾಸಿಟರ್ ಮೂಲಕ ನಿರಂತರವಾಗಿ ಹರಿಯದು; ಆದ್ದರಿಂದ ಆ ಎಸಿಯ ಗರಿಷ್ಠ ಬಿಂದುವಿಗೆ ಸಮನಾದ 2121 ವೋಲ್ಟ್ ಡಿಸಿಯನ್ನು ಬಳಸಲು ಮಾನದಂಡ ಒಪ್ಪುತ್ತದೆ. ಈ ಪರೀಕ್ಷೆಯನ್ನು ಮೊದಲು ನಮ್ಮಲ್ಲಿಯೇ ಮಾಡಿ ನೋಡಿ, ಆಮೇಲೆ ಮಾದರಿಯನ್ನು ಬೆಂಗಳೂರಿಗೆ ಒಯ್ದೆ.

ಉಷ್ಣಾಂಶದ ಪರೀಕ್ಷೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುರುಳಿ, ಕೆಪಾಸಿಟರ್, ಟರ್ಮಿನಲ್‌ಗಳಿಗೆ ಥರ್ಮೋಕಪಲ್ ಅಂಟಿಸಿ ಪೂರ್ಣ ಲೋಡ್‌ನಲ್ಲಿ ಓಡಿಸುತ್ತಾರೆ. ಅಲ್ಲಿನ ಕೋಣೆ 25 ಡಿಗ್ರಿಯಲ್ಲಿದ್ದರೆ, ಸುತ್ತಲಿನ ಗಾಳಿಗೆಂದು ನಾವು ಘೋಷಿಸಿದ ಗರಿಷ್ಠ ಉಷ್ಣಾಂಶಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಪ್ರತಿ ಅಳತೆಗೂ ಕೂಡಿಸಿ ಮಿತಿಯೊಂದಿಗೆ ಹೋಲಿಸುತ್ತಾರೆ. 40 ಡಿಗ್ರಿ ಎಂದು ಘೋಷಿಸಿದರೆ ಸುಲಭವಾಗಿ ಮುಗಿಯುತ್ತಿತ್ತು. ಆದರೆ ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ ತಗಡಿನ ಚಾವಣಿಯ ಕೋಣೆಯೊಳಗೆ ಆ ಸಂಖ್ಯೆಗೆ ಅರ್ಥವಿಲ್ಲವೆಂದು 50 ಎಂದೇ ಬರೆದುಕೊಟ್ಟೆ, ಮಾಡ್ಯೂಲ್‌ಗಳ ನಡುವಿನ ಗಾಳಿಯ ಹಾದಿಯನ್ನೂ ಅಗಲಿಸಿದೆ. ಫ್ಯಾನ್‌ಗಳನ್ನು ಬೇಕೆಂದೇ ನಿಲ್ಲಿಸಿ ನೋಡುವ ಪರೀಕ್ಷೆಯೂ ಇದೆ. ಆಗ ಉಪಕರಣ ಕೆಟ್ಟರೂ ಅಡ್ಡಿಯಿಲ್ಲ, ಬೆಂಕಿಯಾಗಲಿ ಶಾಕ್ ಆಗಲಿ ಬರಬಾರದು.

ರೇಟಿಂಗ್ ಫಲಕ ಮತ್ತು ಕೈಪಿಡಿಯ ಎಚ್ಚರಿಕೆಗಳು ಕಾಗದದ ಕೆಲಸ, ಬೇಗ ಮುಗಿದವು. ಕಾಗದಗಳಲ್ಲಿ ತೂಕವಿರುವುದು ನಿರ್ಣಾಯಕ ಬಿಡಿಭಾಗಗಳ ಪಟ್ಟಿಗೆ ಮಾತ್ರ. ಮಾಡ್ಯೂಲ್, ಫಿಲ್ಟರ್, ಫ್ಯೂಸ್, ಪ್ಲಗ್ ತಂತಿ, ಇವುಗಳ ತಯಾರಕರು ಮತ್ತು ಮಾದರಿ ಸಂಖ್ಯೆಗಳೆಲ್ಲ ಅದರಲ್ಲಿರುತ್ತವೆ. ಪಟ್ಟಿಯಲ್ಲಿಲ್ಲದ ಭಾಗವನ್ನು ಹಾಕಿದ ಉಪಕರಣಕ್ಕೆ ಆ ವರದಿ ಅನ್ವಯಿಸುವುದಿಲ್ಲ. ಹೀಗಾಗಿ ಪಟ್ಟಿಯ ಒಂದು ನಕಲನ್ನು ಖರೀದಿ ನೋಡಿಕೊಳ್ಳುವವರ ಮೇಜಿನ ಮೇಲೆಯೇ ಇಡಿಸಿದ್ದೇನೆ, ಮತ್ತು ಘಟಕದಿಂದ ಹೊರಡುವ ಪ್ರತಿ ಪೆಟ್ಟಿಗೆಗೂ ಅರ್ಥಿಂಗ್ ಕೊಂಡಿ ಹಾಗೂ ಹೈವೋಲ್ಟೇಜ್ ಪರೀಕ್ಷೆ ನಡೆಸಿ ಸೀರಿಯಲ್ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ದಾಖಲಿಸುತ್ತಿದ್ದೇವೆ.