ಕಬಡ್ಡಿ ಮಕ್ಕಳ ಹುರುಪು ಕಾಯುವ ಬಗೆ: ನನ್ನ ಅನುಭವ

ಜೂನ್‌ನಲ್ಲಿ ಶಾಲೆ ಶುರುವಾದಾಗ ಕಬಡ್ಡಿಗೆ ಹೆಸರು ಕೊಡುವವರು ಹದಿನೆಂಟು, ಇಪ್ಪತ್ತು ಮಕ್ಕಳು. ಹೋಬಳಿ ಮಟ್ಟದ ಪಂದ್ಯ ಬರುವಷ್ಟರಲ್ಲಿ ಉಳಿಯುವವರು ಒಂಬತ್ತೋ ಹತ್ತೋ. ಬಿಟ್ಟುಹೋದವರಿಗೆ ಆಸಕ್ತಿ ಇರಲಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಕಲೇಶಪುರ, ಬೇಲೂರು ಕಡೆಯ ಹೈಸ್ಕೂಲು ಮಕ್ಕಳಿಗೆ ಕಲಿಸುತ್ತ ನನಗೆ ಮನವರಿಕೆಯಾದದ್ದು ಬೇರೆ. ಭಾಷಣ ಮಾಡಿ ತುಂಬಿಸಿದ ಹುರುಪು ಸಂಜೆಯವರೆಗೂ ನಿಲ್ಲುವುದಿಲ್ಲ. ಮಗುವಿಗೆ ಆಡಲು ಸರದಿ ಸಿಗಬೇಕು, ಹೋದ ವಾರಕ್ಕಿಂತ ಈ ವಾರ ತಾನು ಮುಂದೆ ಬಂದಿದ್ದೇನೆ ಅನ್ನುವುದು ಅದರ ಕಣ್ಣಿಗೇ ಕಾಣಬೇಕು.

ಸರದಿಯ ಲೆಕ್ಕ ಹಾಕಿ ನೋಡಿ. ಏಳೇಳು ಮಂದಿಯನ್ನು ನಿಲ್ಲಿಸಿ 15 ನಿಮಿಷ ಪಂದ್ಯ ಆಡಿಸಿದರೆ, ಒಂದು ರೈಡಿಗೆ, ಅಂದರೆ ಎದುರಾಳಿಗಳ ಕಡೆಗೆ ನುಗ್ಗಿ ಬರುವ ಒಂದು ಸರದಿಗೆ, 30 ಸೆಕೆಂಡಿನಂತೆ ಒಟ್ಟು 30 ರೈಡ್, ತಂಡಕ್ಕೆ 15. ಅದರಲ್ಲಿ ಹತ್ತನ್ನು ಗಟ್ಟಿ ರೈಡರುಗಳಿಬ್ಬರೇ ಹೋಗಿಬರುತ್ತಾರೆ. ಮಿಕ್ಕ ಐವರಿಗೆ ತಲಾ ಒಂದು. ಔಟಾದವರು ಗೆರೆಯಾಚೆ ಕೂತಿರುತ್ತಾರೆ, ತಂಡಕ್ಕೇ ಸೇರದ ನಾಲ್ವರು ಎಲ್ಲರ ಚಪ್ಪಲಿ ಕಾಯುತ್ತಿರುತ್ತಾರೆ. ಎರಡು ವಾರ ಹೀಗೆ ನಡೆದರೆ ಯಾವ ಮಗು ಉಳಿದೀತು?

ಅದಕ್ಕೇ ನಾನು ಮೂವರ ಎದುರು ಮೂವರನ್ನು ನಿಲ್ಲಿಸುತ್ತೇನೆ. ಹದಿನೆಂಟು ಮಕ್ಕಳಿಗೆ ಮೂರು ಸಣ್ಣ ಅಂಕಣ, ಪ್ರತಿಯೊಂದೂ ಐದು ಮೀಟರ್ ಅಗಲ, ಆ ಕಡೆ ನಾಲ್ಕು, ಈ ಕಡೆ ನಾಲ್ಕು ಮೀಟರ್ ಉದ್ದ. ರೈಡಿಗೆ 20 ಸೆಕೆಂಡ್, ಎದ್ದು ಜಾಗಕ್ಕೆ ನಿಲ್ಲಲು 10. ಹನ್ನೆರಡು ನಿಮಿಷದಲ್ಲಿ 24 ರೈಡ್ ಆಗುತ್ತವೆ, ಪ್ರತಿ ಮಗುವಿಗೂ ನಾಲ್ಕು. ಎಲ್ಲರ ಸರದಿ ಮುಗಿಯದೆ ಯಾರೂ ಎರಡನೇ ಸಲ ಹೋಗುವಂತಿಲ್ಲ. ಔಟಾದವರು ಹೊರಗೆ ಕೂರುವಂತಿಲ್ಲ, ಅಂಕ ಹೇಳಿಸಿಕೊಂಡು ಅಲ್ಲೇ ಆಡಬೇಕು. ಪೂರ್ತಿ ಅಂಕಣದ ಆಟ ಕೊನೆಯ 20 ನಿಮಿಷ ಮಾತ್ರ. ನಮ್ಮ ಮಳೆಗೆ ಸುಣ್ಣದ ಗೆರೆ ಅರ್ಧ ಗಂಟೆಯೂ ಉಳಿಯುವುದಿಲ್ಲ. ಸಲಿಕೆಯ ತುದಿಯಿಂದ ಬೆರಳಷ್ಟು ಆಳ ಗೀರಿ ಮರಳು ತುಂಬಿದರೆ ಹಲವು ದಿನ ಕಾಣುತ್ತದೆ. ಹಗ್ಗ ಮಾತ್ರ ಕಟ್ಟಬೇಡಿ, ಕಾಲು ಸಿಕ್ಕಿಕೊಳ್ಳುತ್ತದೆ.

ಮಕ್ಕಳು ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಭಯ. ಹಿಡಿಯಲು ಹೋದರೆ ಮೊಣಕಾಲು ಮುಖಕ್ಕೆ ಬಡಿಯುತ್ತದೆ ಎಂಬ ಭಯ. ಒಂದು ಸಲ ಬಡಿಸಿಕೊಂಡ ಮಗು ಆಮೇಲೆ ಹಿಡಿಯುವಂತೆ ನಟಿಸುತ್ತದೆ. ಕೈ ಚಾಚುತ್ತದೆ, ಮೈ ಹಿಂದೆಯೇ ಇರುತ್ತದೆ. 'ಧೈರ್ಯ ಮಾಡೋ' ಅಂದರೆ ಅದಕ್ಕೆ ಧೈರ್ಯ ಬರುವುದಿಲ್ಲ, ತಲೆ ಎಲ್ಲಿಡಬೇಕು ಅಂತ ಗೊತ್ತಾದರೆ ಬರುತ್ತದೆ. ತೊಡೆ ಹಿಡಿತಕ್ಕೆ ಹೋಗುವಾಗ ತಲೆ ರೈಡರನ ತೊಡೆಯ ಪಕ್ಕಕ್ಕಿರಬೇಕು, ಮೊಣಕಾಲಿನ ಮುಂದೆ ಎಂದೂ ಬರಬಾರದು. ಕಣ್ಣು ತೆರೆದಿರಬೇಕು, ಗಲ್ಲ ಮೇಲಿರಬೇಕು. ಮೊದಲ ವಾರ ಭತ್ತದ ಹುಲ್ಲು ಗಟ್ಟಿಯಾಗಿ ತುರುಕಿದ ಗೋಣಿಚೀಲವನ್ನು ನಿಲ್ಲಿಸಿ ತಬ್ಬಿ ಎತ್ತಿಸುತ್ತೇನೆ, ದಿನಕ್ಕೆ ಎಡಗಡೆಯಿಂದ ಹತ್ತು, ಬಲಗಡೆಯಿಂದ ಹತ್ತು. ಎರಡನೇ ವಾರ ಅಲುಗದೆ ನಿಂತ ಜೊತೆಗಾರನ ಮೇಲೆ, ಮೂರನೇ ವಾರ ನಡೆದು ಬರುವವನ ಮೇಲೆ. ಓಡಿ ಬರುವ ರೈಡರ್ ನಾಲ್ಕನೇ ವಾರಕ್ಕೆ. ಈ ನಾಲ್ಕು ವಾರವನ್ನು ಒಂದಕ್ಕೆ ಇಳಿಸಿದಲ್ಲೇ ಹೆಚ್ಚಿನ ತಂಡಗಳು ಮಕ್ಕಳನ್ನು ಕಳೆದುಕೊಳ್ಳುವುದು. ಉಗುರು ಕತ್ತರಿಸಿದೆಯಾ, ಓಲೆ, ಬಳೆ, ಉಂಗುರ ತೆಗೆದಿದೆಯಾ ಎಂದು ದಿನವೂ ನೋಡಬೇಕು. ನೆಲ ಜಾರುವ ದಿನ ಹಿಡಿತದ ಅಭ್ಯಾಸ ಬೇಡವೇ ಬೇಡ.

ಮುಂದುವರಿದದ್ದು ಕಣ್ಣಿಗೆ ಕಾಣಲು ಒಂದು ನೂರು ಪುಟದ ನೋಟ್‌ಬುಕ್ ಸಾಕು. ಅದರಲ್ಲಿ ಅಂಕ ಬರೆಯುವುದಿಲ್ಲ, ಏಕೆಂದರೆ ಅಂಕ ಎದುರಾಳಿಯ ಮೇಲೂ ನಿಂತಿದೆ. ಬರೆಯುವುದು ಮಗುವಿನ ಕೈಯಲ್ಲೇ ಇರುವುದನ್ನು: ರೈಡಿನಲ್ಲಿ ಬಾಲ್ಕ್ ಲೈನ್ (ಎದುರಾಳಿ ಕಡೆಯಲ್ಲಿ ರೈಡರ್ ದಾಟಬೇಕಾದ ಗೆರೆ) ದಾಟಿತೇ, ಹಿಡಿತಕ್ಕೆ ಮೈ ಕೊಟ್ಟು ಹೋಯಿತೇ, ಕೈಕೈ ಹಿಡಿದು ನಿಂತ ಚೈನಿನ ಕೈ ಕಳಚದೆ ಉಳಿಯಿತೇ. ಎಡ ತುದಿಯಲ್ಲಿ, ಅಂದರೆ ಎಡ ಕಾರ್ನರಿನಲ್ಲಿ ನಿಲ್ಲುವ ಮಗುವಿನ ಪುಟ ಹೀಗಿರುತ್ತದೆ: 'ಎಡ ಕಾರ್ನರ್. ಹಿಡಿತಕ್ಕೆ ಬಂದ ಅವಕಾಶ 10, ಮೈ ಕೊಟ್ಟದ್ದು 3.' ಅದರ ಕೆಳಗೆ ಮುಂದಿನ ವಾರದ್ದು: 'ಅವಕಾಶ 10, ಮೈ ಕೊಟ್ಟದ್ದು 6.' ರೈಡರನನ್ನು ಆರಕ್ಕೆ ಆರೂ ಸಲ ಬಿಟ್ಟಿದ್ದರೂ ಸರಿ, ಆ ಮಗು ಬೆಳೆದಿದೆ. ಪ್ರತಿಯೊಬ್ಬರಿಗೂ ಅವರವರ ಪುಟ ಮಾತ್ರ ತೋರಿಸಬೇಕು. ಎಲ್ಲರ ಲೆಕ್ಕ ಒಟ್ಟು ಮಾಡಿ ಗೋಡೆಗೆ ಅಂಟಿಸಿದರೆ ಕೊನೆಯ ಮೂವರು ಸೋಮವಾರದಿಂದ ಬರುವುದಿಲ್ಲ.

ಹೊಗಳಿಕೆಯೂ ಇದೇ ಲೆಕ್ಕದಲ್ಲಿರಲಿ. ಎಲ್ಲಕ್ಕೂ 'ಶಭಾಷ್' ಅಂದರೆ ಅದು ಬಿಡದೆ ಸೀಟಿ ಊದಿದಂತೆ, ಯಾರ ಕಿವಿಗೂ ಬೀಳುವುದಿಲ್ಲ. 'ತಲೆ ಪಕ್ಕಕ್ಕಿಟ್ಟು ಹೋದೆಯಲ್ಲಮ್ಮ, ಅದೇ ಸರಿ, ಇನ್ನೊಂದು ಸಲ ಹಾಗೇ ಹೋಗು' ಅಂದರೆ ಮಗುವಿಗೆ ಮುಂದೇನು ಮಾಡಬೇಕೆಂದು ತಿಳಿಯುತ್ತದೆ. ತಪ್ಪನ್ನು ಪಕ್ಕಕ್ಕೆ ಹೋಗಿ, ಮೆಲ್ಲಗೆ, ಒಂದು ಸಲಕ್ಕೆ ಒಂದೇ ಹೇಳಬೇಕು.

ಸೋಮಾರಿತನ ಎಂದು ನಾವು ಬೈಯುವುದು ಬಹಳ ಸಲ ಹಸಿವು. ಬಿಸಿಯೂಟ ಮುಗಿದು ಮೂರು ಗಂಟೆಯಾದ ಮೇಲೆ ಅಭ್ಯಾಸ ಶುರುವಾಗುತ್ತದೆ. ಹದಿನೆಂಟು ಮಕ್ಕಳಿಗೆ ಅರ್ಧ ಕೆಜಿಗಿಂತ ತುಸು ಹೆಚ್ಚು ಹುರಿಗಡಲೆ, ತಲಾ ಒಂದು ಬೆಲ್ಲದ ಚೂರು, ಕುಡಿಯಲು ನೀರು. ಆಟಕ್ಕೆ ಇಳಿಯುವ ಇಪ್ಪತ್ತು ನಿಮಿಷ ಮೊದಲೇ ಕೊಡಬೇಕು. ಇನ್ನು ಬಸ್ಸು. ಎಸ್ಟೇಟ್ ಲೈನಿನ (ತೋಟದ ಕೂಲಿಮನೆಗಳ) ಮಕ್ಕಳ ಮನಸ್ಸು ಕೊನೆಯ ಬಸ್ಸಿನ ಮೇಲೇ ಇರುತ್ತದೆ. ಬಸ್ಸಿಗೆ ಕಾಲು ಗಂಟೆ ಮೊದಲು ಸೀಟಿ ಊದುತ್ತೇನೆ ಎಂದು ಹೇಳಿ ಒಂದು ದಿನವೂ ತಪ್ಪದಿದ್ದರೆ, ಕೊನೆಯ ನಿಮಿಷದವರೆಗೂ ಗಮನವಿಟ್ಟು ಆಡುತ್ತಾರೆ. ಆಲೂಗಡ್ಡೆ ಕೀಳುವ ದಿನಗಳಲ್ಲಿ ಬಾರದ ಮಕ್ಕಳನ್ನು ತಂಡದಿಂದ ತೆಗೆಯಬಾರದು. ಮನೆ ಅಂಗಳದಲ್ಲಿ ಹತ್ತು ನಿಮಿಷ ಮಾಡುವ ಕೆಲಸ ಕೊಟ್ಟು, ಬಂದ ದಿನ ಅದನ್ನೇ ಮೊದಲು ಮಾಡಿಸಿ ನೋಡಬೇಕು.

ಹುಡುಗಿಯರ ಮನೆಗೆ ಹೋದಾಗ ತಂದೆತಾಯಿಗೆ ಬೇಕಾದದ್ದು ಎಷ್ಟು ಹೊತ್ತಿಗೆ ವಾಪಸ್, ಜೊತೆಗೆ ಯಾವ ಮೇಡಂ ಬರುತ್ತಾರೆ, ಬಟ್ಟೆ ಯಾವುದು ಅನ್ನುವುದಕ್ಕೆ ನೇರ ಉತ್ತರ. ಹೆಣ್ಣುಮಕ್ಕಳಿಗೆ ಈ ಆಟ ಯಾಕೆ ಅಂದವರಿಗೆ ಘಟ್ಟದ ಕೆಳಗಿನ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರ ಹೆಸರು ಹೇಳುತ್ತೇನೆ. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು.

ಪಂದ್ಯದಲ್ಲಿ ಹುರುಪು ಕುಸಿಯುವುದು ಲೋನಾ, ಅಂದರೆ ಇಡೀ ತಂಡ ಔಟಾಗುವುದು, ಹತ್ತಿರ ಬಂದಾಗ. ಜಿಲ್ಲೆ ಗೆದ್ದು ಮೈಸೂರು ವಿಭಾಗಕ್ಕೆ ಹೋದರೆ ದಕ್ಷಿಣ ಕನ್ನಡ, ಉಡುಪಿಯ ತಂಡಗಳೂ ಅಲ್ಲಿರುತ್ತವೆ. ಮೂವರೇ ಉಳಿದರೆ ನಮ್ಮ ಮಕ್ಕಳು ಆಗಲೇ ಸೋತಂತೆ ನಿಲ್ಲುತ್ತಾರೆ. ಆದರೆ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೈಡರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಮೂವರ ಅಂಕಣದಲ್ಲಿ ತಿಂಗಳುಗಟ್ಟಲೆ ಆಡಿದ ಮಕ್ಕಳಿಗೆ ಆ ಸ್ಥಿತಿ ಹೊಸದಲ್ಲ, 'ಈಗ ಎರಡಂಕ ಇದೆ ಕಣ್ರೋ' ಎಂದು ಅವರೇ ಕೂಗಿಕೊಳ್ಳುತ್ತಾರೆ.

ಪ್ರತಿ ಅವಧಿಗೆ 30 ಸೆಕೆಂಡಿನ ಎರಡು ಟೈಮ್‌ಔಟ್ ಇವೆ. ಮೊದಲ 10 ಸೆಕೆಂಡ್ ನೀರು, ಉಸಿರು, ನಾನು ಮಾತಾಡುವುದಿಲ್ಲ. ಆಮೇಲೆ ಒಂದೇ ಸೂಚನೆ, ಕೊನೆಗೆ ಮುಂದಿನ ರೈಡ್ ಯಾರದು ಎಂಬ ಹೆಸರು. ಎರಡನೆಯದನ್ನು ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಳ್ಳಬೇಕು. ರೈಡ್ ನಡೆಯುವಾಗ ಗೆರೆಯಾಚೆಯಿಂದ ಕೂಗಲೇಬಾರದು. ಮಗು ತಿರುಗಿ ನೋಡುತ್ತದೆ, 'ಕಬಡ್ಡಿ ಕಬಡ್ಡಿ' ತಪ್ಪುತ್ತದೆ. ಬೆಂಚಿನ ಐವರಿಗೂ ಕೆಲಸವಿರಲಿ: ಒಬ್ಬರು ರೈಡಿನ ಸೆಕೆಂಡ್ ಎಣಿಸಲಿ, ಒಬ್ಬರು ಎದುರಾಳಿ ರೈಡರ್ ಯಾವ ಕಾಲು ಮೊದಲು ಬೀಸುತ್ತಾನೆ ನೋಡಲಿ. ಟೈಮ್‌ಔಟಿನಲ್ಲಿ ನಾನು ಕೊಡುವ ಆ ಒಂದು ಸೂಚನೆ ಬಹಳ ಸಲ ಅವರೇ ಹೇಳಿದ್ದು.

ಸೋತು ವಾಪಸಾಗುವ ಗಾಡಿಯಲ್ಲಿ ಆಟದ ಮಾತು ಬೇಡ. ಊಟ ಮಾಡಿಸಿ, ತರಚಿದ ಗಾಯಕ್ಕೆ ಮದ್ದು ಹಚ್ಚಿ ಮನೆ ಮುಟ್ಟಿಸಬೇಕು. ಮುಂದಿನ ಅಭ್ಯಾಸದ ಮೊದಲ ಹತ್ತು ನಿಮಿಷ ನೋಟ್‌ಬುಕ್ ತೆರೆದು, ಪ್ರತಿಯೊಬ್ಬರೂ ತಮ್ಮ ಪುಟದಲ್ಲಿ ಈ ವಾರ ಸರಿಪಡಿಸಬೇಕಾದ ಒಂದೇ ಒಂದು ಸಂಗತಿ ಬರೆಯುತ್ತಾರೆ. ಬರೆದ ಕೂಡಲೇ ಮೂರು ಅಂಕಣಕ್ಕೆ ಹಂಚಿ ಆಟ ಶುರು.