ಹೆಸರು ಹುಡುಕೋದು ಬಿಟ್ಟ ಮೇಲೆ ಸಿಕ್ಕ ಮುತ್ತಜ್ಜ

ಮೂರು ತಿಂಗಳು ಮುತ್ತಜ್ಜನ ಹೆಸರನ್ನು ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡಿದ್ದೇ ಬಂತು. ದುಡ್ಡು ಕಟ್ಟಿದ್ದ ಒಂದು ವೆಬ್‌ಸೈಟ್ 'ಇವರೇ ಇರಬಹುದು' ಅಂತ ಒಬ್ಬರನ್ನು ತೋರಿಸಿತು. ಹೆಸರು ಸರಿ ಇತ್ತು, ಖುಷಿಯಲ್ಲಿ ಒಪ್ಪಿಕೊಂಡೆ. ಆಮೇಲೆ ನೋಡಿದರೆ ಆ ವ್ಯಕ್ತಿ 1904ರಲ್ಲೇ ತೀರಿಕೊಂಡಿದ್ದಾರೆ. ನಮ್ಮಜ್ಜ ಹುಟ್ಟಿದ್ದು 1906ರಲ್ಲೋ 1909ರಲ್ಲೋ! (ಹಳೇ ನೋಟ್‌ಬುಕ್ಕಿನಲ್ಲಿ ಕನ್ನಡದ ಅಂಕಿ. ಅದು ೬ ಅಂತ ಒಬ್ಬರು, ೯ ಅಂತ ಇನ್ನೊಬ್ಬರು.) ಅಷ್ಟರಲ್ಲಿ ಯಾರೋ ನನ್ನ ವಂಶವೃಕ್ಷವನ್ನು ತಪ್ಪಿನ ಸಮೇತ ಕಾಪಿ ಮಾಡಿಕೊಂಡಿದ್ದರು.

ದಾರಿ ಸಿಕ್ಕಿದ್ದು ರೂಟ್ಸ್‌ಟೆಕ್‌ನಲ್ಲಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2011ರಿಂದ ನಡೆಯುವ ವಂಶಾವಳಿ ಸಮ್ಮೇಳನ ಅದು. 2021ರಲ್ಲಿ ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನ್ ಆಯಿತು, ಅದೂ ಉಚಿತವಾಗಿ. ಅನೇಕ ಪಾಠಗಳನ್ನು ಈಗಲೂ ಸುಮ್ನೆ ಕೂತು ನೋಡಬಹುದು. ಎಲ್ಲ ನೋಡೋಕೆ ಹೋಗಬೇಡಿ, ತಲೆ ಕೆಡುತ್ತದೆ. ನಾನು ಎಂಟು ಗುರುತು ಹಾಕಿಕೊಂಡು ಮೂರು ನೋಡಿದೆ, ಉಪಯೋಗಕ್ಕೆ ಬಂದದ್ದು ಒಂದು. ಅದರಲ್ಲಿ ಹೇಳಿದ್ದು ಇಷ್ಟೇ: ಮೊದಲು ಊರು ಹುಡುಕಿ, ಆ ಊರಿನ ಯಾವ ಕಡತ ಉಳಿದಿದೆ ನೋಡಿ, ಹೆಸರು ಕೊನೆಗೆ.

ಈ ಸಮ್ಮೇಳನ ನಡೆಸುವ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಸಂಸ್ಥೆಯವರು 1938ರಿಂದ ಲೋಕದ ನಾನಾ ಕಡೆಯ ಕಡತಗಳನ್ನು ಮೈಕ್ರೋಫಿಲ್ಮ್ (ಪುಟಗಳ ಪುಟಾಣಿ ಫೋಟೋಗಳಿರುವ ಫಿಲ್ಮ್ ಸುರುಳಿ) ಮಾಡುತ್ತಾ ಬಂದವರು. ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಆದರೆ ಅದರಲ್ಲಿ ಎಷ್ಟೋ ಪುಟಗಳ ಹೆಸರುಗಳಿಗೆ ಪಟ್ಟಿಯೇ ಇಲ್ಲ. ಹಾಗಿರುವಾಗ ಹೆಸರು ಹಾಕಿದರೆ ಎಲ್ಲಿಂದ ಬರಬೇಕು? ಅವರ ವೆಬ್‌ಸೈಟಿನ ಕ್ಯಾಟಲಾಗ್‌ಗೆ ಹೋಗಿ, ಊರಿನ ಹೆಸರು ಕೊಟ್ಟು, ಕ್ಯಾಮೆರಾ ಚಿಹ್ನೆ ಇರುವ ಸುರುಳಿ ತೆಗೆದು ಪುಟ ತಿರುವಬೇಕು. 2024ರಲ್ಲಿ ಕೈಬರಹವನ್ನು ತಾನೇ ಓದಿ ಹುಡುಕುವ ಸೌಲಭ್ಯವನ್ನೂ ತಂದಿದ್ದಾರೆ, ಆದರೆ ಎಲ್ಲ ಭಾಷೆಗೂ ಎಲ್ಲ ಕಡತಕ್ಕೂ ಅದು ಬಂದಿಲ್ಲ.

ಊರು ಗೊತ್ತಾಯಿತು, ಆದರೆ ಅಲ್ಲಿನ ಮದುವೆ ಕಡತದಲ್ಲಿ ಯಾವ ವರ್ಷದ ಪುಟ ತಿರುವುವುದು? ಸೋದರತ್ತೆಗೆ ಫೋನ್ ಮಾಡಿ, ಮುತ್ತಜ್ಜನ ಮದುವೆ ಯಾವ ವರ್ಷ ಅಂತ ಕೇಳಿದೆ. "ನಂಗೇನು ಗೊತ್ತೋ" ಅಂದರು. "ಅಜ್ಜ ಹುಟ್ಟಿದಾಗ ಅವರ ಅಕ್ಕ ಎಷ್ಟು ದೊಡ್ಡವರಿದ್ದರು?" ಅಂತ ಕೇಳಿದ್ದೇ ತಡ, "ಪಾಪುನ ಎತ್ತಿಕೊಳ್ಳೋಕೆ ಹೋಗಿ ತಾನೇ ಬಿದ್ದು ಹಲ್ಲು ಮುರಕೊಂಡಳಂತೆ" ಅಂತ ಕಥೆ ಶುರುವಾಯಿತು. ಎರಡೋ ಮೂರೋ ವರ್ಷದವರು, ಅಲ್ವಾ? ಅವರೇ ಮೊದಲ ಮಗು. ಹಾಗಾದರೆ ಮದುವೆ 1900ರಿಂದ 1906ರ ಒಳಗೆ. ಫೋನ್ ರೆಕಾರ್ಡ್ ಮಾಡಿಕೊಂಡಿದ್ದೆ, ಮೊದಲೇ ಹೇಳಿಯೇ.

ಏಳು ವರ್ಷದ ಪುಟ, ದಿನಕ್ಕೆ ಅರ್ಧ ಗಂಟೆ, ಹದಿನಾರು ದಿನ. ನೋಡಿ ಮುಗಿಸಿದ ಪುಟದ ನಂಬರು, ಏನೂ ಸಿಗದ ದಿನದ್ದೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟೆ. ಇಲ್ಲದಿದ್ದರೆ ನೋಡಿದ್ದನ್ನೇ ಮತ್ತೆ ನೋಡುತ್ತೀರಿ, ನಾನು ನೋಡಿದ್ದೇನೆ.

1903ರ ಪುಟದಲ್ಲಿ ಸಿಕ್ಕರು. ಹೆಸರಿನಲ್ಲಿ ಒಂದಕ್ಷರ ಬೇರೆ, ಆದರೆ ಮುತ್ತಜ್ಜಿಯ ಹೆಸರೂ ಅವರ ಅಪ್ಪನ ಹೆಸರೂ ಸರಿಯಾಗಿ ಕೂತವು. ಸಹಿ ಇರಬೇಕಾದ ಕಡೆ ಹೆಬ್ಬೆಟ್ಟು. ಫಿಲ್ಮಿನಲ್ಲಿ ಕಪ್ಪು ಮಚ್ಚೆಯ ಹಾಗೆ ಕಾಣುತ್ತಿತ್ತು, ಅಂಚಿನಲ್ಲಿ ಮಾತ್ರ ಗೆರೆಗಳು.

ಮುತ್ತಜ್ಜ ಬಹಳ ಓದಿದವರು ಅಂತ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ. ಅತ್ತೆಗೆ ಫೋಟೋ ಕಳಿಸಿದೆ. ಸುಮಾರು ಹೊತ್ತು ಉತ್ತರವೇ ಇಲ್ಲ. ಆಮೇಲೆ ಬಂತು: "ಅವತ್ತು ಕೈ ನೋವಿತ್ತೇನೋ."

ಟಿಪ್ಪಣಿಯಲ್ಲಿ ಎರಡನ್ನೂ ಬರೆದಿದ್ದೇನೆ.