ಕ್ಲೌಡ್ ಬ್ಯಾಕಪ್ ಮಾಡಿದ್ದು ಹೀಗೆ: ರಿಸ್ಟೋರ್ ಲೆಕ್ಕ ಮೊದಲು

ನಮ್ಮ ಆಫೀಸಿನ ಸರ್ವರ್ ನೋಡಿಕೊಳ್ಳೋದು ನನ್ನ ಕೆಲಸ. ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ರಾಶಿ ಸ್ಕ್ಯಾನ್ ಫೈಲ್‌ಗಳು, ಎಲ್ಲಾ ಸೇರಿ ಹೆಚ್ಚುಕಡಿಮೆ ಒಂದು ಟಿಬಿ. ಬ್ಯಾಕಪ್ ಕ್ಲೌಡ್‌ಗೆ ಹೋಗಲಿ ಅಂತ ತೀರ್ಮಾನವಾದಾಗ ನಾನು ದರಪಟ್ಟಿ ನೋಡುವ ಮೊದಲು ಅಕೌಂಟ್ಸ್‌ನವರ ಹತ್ತಿರ ಹೋದೆ. ಸರ್ವರ್ ಕೆಟ್ಟರೆ ಎಷ್ಟು ಹೊತ್ತಿನ ಎಂಟ್ರಿಗಳನ್ನು ಮತ್ತೆ ಕೂತು ಹಾಕೋಕೆ ಆಗುತ್ತೆ? ಸಿಸ್ಟಂ ಇಲ್ಲದೆ ಎಷ್ಟು ಹೊತ್ತು ತಳ್ಳಬಹುದು? ಮೊದಲನೆಯದು ಆರ್‌ಪಿಒ, ಎರಡನೆಯದು ಆರ್‌ಟಿಒ. ಒಂದು ಗಂಟೆ, ಅರ್ಧ ದಿನ ಅಂದರು.

ಒಂದು ಗಂಟೆ ಅಂದಮೇಲೆ ರಾತ್ರಿಗೊಂದು ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಸಾಲದು. ವಾರಕ್ಕೊಮ್ಮೆ ಪೂರ್ತಿ ಬೇಸ್ ಬ್ಯಾಕಪ್ ಇಟ್ಟೆ. ನಡುವೆ ಡೇಟಾಬೇಸಿನ ಪ್ರತಿ ಬದಲಾವಣೆ ಬರೆದಿಡುವ ವಾಲ್ ಫೈಲ್‌ಗಳು ಒಂದೊಂದೂ 16 ಎಂಬಿ ತುಂಬಿದ ಕೂಡಲೇ ಮೇಲೆ ಹೋಗುತ್ತವೆ. ಕೆಲಸ ಕಮ್ಮಿ ಇರುವ ಹೊತ್ತಲ್ಲಿ ಅವು ಬೇಗ ತುಂಬೋದಿಲ್ಲ, ಅದಕ್ಕೆ ಇಷ್ಟು ಹೊತ್ತಾದರೆ ತುಂಬದಿದ್ದರೂ ಕಳಿಸು ಅನ್ನುವ ಟೈಮ್‌ಔಟ್ ಹಾಕಲೇಬೇಕು.

ಅರ್ಧ ದಿನದ ಲೆಕ್ಕ ಜಾಸ್ತಿ ಕಾಡಿತು. 100 ಎಂಬಿಪಿಎಸ್ ಲೈನಿನಲ್ಲಿ ಒಂದು ಟಿಬಿ ಇಳಿಸೋಕೆ 22 ಗಂಟೆ ಬೇಕು, ಅದೂ ಲೈನ್ ಪೂರ್ತಿ ನಮಗೇ ಸಿಕ್ಕರೆ! ಹಾಗಾಗಿ ದಾರಿ ಎರಡು ಮಾಡಿದೆ. ಡಿಸ್ಕ್ ಹೋಯಿತು, ಯಾರೋ ಫೋಲ್ಡರ್ ಅಳಿಸಿದರು ಅಂದರೆ ಆಫೀಸಿನ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ, ಅಂದರೆ ನ್ಯಾಸ್‌ನಲ್ಲಿರುವ ಪ್ರತಿ ಸಾಕು. ಬೆಂಕಿ, ನೀರು, ರ‍್ಯಾನ್ಸಮ್‌ವೇರ್ ಅಂದರೆ ಡೇಟಾ ಕೆಳಗೆ ಇಳಿಸೋದೇ ಇಲ್ಲ. ಬ್ಯಾಕಪ್ ಇರುವ ರೀಜನ್‌ನಲ್ಲೇ (ಕ್ಲೌಡ್ ಕಂಪನಿಯ ಅದೇ ಡೇಟಾಸೆಂಟರ್ ಪ್ರದೇಶದಲ್ಲೇ) ಒಂದು ವರ್ಚುವಲ್ ಮಷೀನ್, ಅಂದರೆ ಬಾಡಿಗೆ ಕಂಪ್ಯೂಟರ್, ಎಬ್ಬಿಸಿ ಅಲ್ಲೇ ರಿಸ್ಟೋರ್ ಮಾಡೋದು. ಡೇಟಾಬೇಸ್ ಮೊದಲು, ಸ್ಕ್ಯಾನ್ ಫೈಲ್‌ಗಳು ಆಮೇಲೆ. ಹೊರಗೆ ಇಳಿಸುವ ಡೇಟಾಗೆ ಹಾಕುವ ಶುಲ್ಕವೂ ಉಳಿಯುತ್ತೆ.

ಅಗ್ಗದ ಸ್ಟೋರೇಜ್ ಕಂಡು ಎಲ್ಲಾನೂ ಅಲ್ಲಿಗೆ ತುಂಬಬಾರದು. ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್‌ನಿಂದ ಫೈಲ್ ವಾಪಸ್ ಸಿಗೋಕೆ ಸ್ಟ್ಯಾಂಡರ್ಡ್ ರೀತಿಯಲ್ಲಿ ಕೇಳಿದರೂ 12 ಗಂಟೆಯವರೆಗೆ ಹಿಡಿಯಬಹುದು. ಬೇಗ ಅಳಿಸಿದರೂ 180 ದಿನದ ಬಾಡಿಗೆ ತಪ್ಪೋದಿಲ್ಲ. ನಾನು ಹಳೆಯ ತಿಂಗಳುಗಳ ಪ್ರತಿ ಮಾತ್ರ ಅಲ್ಲಿಟ್ಟಿದ್ದೇನೆ.

ಸರ್ವರ್‌ನಲ್ಲಿರುವ ಕೀಗೆ ಬರೆಯುವ ಅನುಮತಿ ಇದೆ, ಅಳಿಸುವ ಅನುಮತಿ ಇಲ್ಲ. ಅದರ ಮೇಲೆ ಆಬ್ಜೆಕ್ಟ್ ಲಾಕ್ 30 ದಿನಕ್ಕೆ, ಕಂಪ್ಲಯನ್ಸ್ ಮೋಡ್‌ನಲ್ಲಿ. ಆ ಅವಧಿಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಕದ್ದವನಿಗೂ ಆ ಫೈಲ್ ಅಳಿಸೋಕೆ ಆಗಲ್ಲ. ನನಗೂ ಆಗಲ್ಲ, ಬಿಲ್ ನೋಡಿದಾಗ ಸ್ವಲ್ಪ ಉರಿಯುತ್ತೆ ಅಷ್ಟೇ. ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕಾಗದದ ಮೇಲೆ, ಬೇರೆ ಕಟ್ಟಡದ ಲಾಕರಿನಲ್ಲಿದೆ. ಸರ್ವರ್ ಜೊತೆ ಅದೂ ಸುಟ್ಟುಹೋದರೆ ಕ್ಲೌಡ್‌ನಲ್ಲಿರೋದು ಸುಮ್ನೆ ಕಸ ಅಲ್ವಾ?

2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನವರು ಡೇಟಾಬೇಸ್ ಅಳಿಸಿಕೊಂಡಾಗ ಬ್ಯಾಕಪ್ ಇರಬೇಕಿದ್ದ ಕ್ಲೌಡ್ ಬಕೆಟ್ ಖಾಲಿ ಇತ್ತು. ಡಂಪ್ ತೆಗೆಯುವ ಪ್ರೋಗ್ರಾಂನ ಆವೃತ್ತಿ ಹೊಂದದೆ ಬ್ಯಾಕಪ್ ಫೇಲ್ ಆಗುತ್ತಲೇ ಇತ್ತು, ಅದನ್ನು ತಿಳಿಸಬೇಕಿದ್ದ ಮೇಲ್‌ಗಳೂ ತಲುಪುತ್ತಿರಲಿಲ್ಲ. ಹಾಗಾಗಿ ನಾನು "ಸಕ್ಸೆಸ್" ಮೇಲ್ ನಂಬೋದಿಲ್ಲ. ಪ್ರತಿ ಭಾನುವಾರ ಒಂದು ಸ್ಕ್ರಿಪ್ಟ್ ಕ್ಲೌಡ್‌ನಲ್ಲೇ ಡೇಟಾಬೇಸ್ ಎಬ್ಬಿಸಿ, ಕೊನೆಯ ಎಂಟ್ರಿಯ ಸಮಯ ನೋಡುತ್ತೆ. ಒಂದು ಗಂಟೆಗಿಂತ ಹಳೆಯದಾದರೆ ನನ್ನ ಫೋನ್ ಹೊಡೆದುಕೊಳ್ಳುತ್ತೆ. ಸ್ಕ್ರಿಪ್ಟೇ ಓಡದಿದ್ದರೂ ಹೊಡೆದುಕೊಳ್ಳುತ್ತೆ. ಮೂರು ತಿಂಗಳಿಗೊಮ್ಮೆ ಪೂರ್ತಿ ರಿಸ್ಟೋರ್ ಮಾಡೋದು ನನ್ನ ಸಹೋದ್ಯೋಗಿ, ನಾನು ಬರೆದ ಹಾಳೆ ಇಟ್ಟುಕೊಂಡು. ಅವರು ಎಲ್ಲಿ ನಿಂತು ನನ್ನನ್ನು ಕೇಳುತ್ತಾರೋ ಆ ಸಾಲನ್ನು ಅವತ್ತೇ ತಿದ್ದುತ್ತೇನೆ.